ಹೊಂಗೆಯ ನೆರಳಿನಲ್ಲಿ ಬಿಳಿ ಅಂಚಿನ ಎಲೆ

ನೆರಳಿನ ತೋಟವನ್ನು ಪ್ರೀತಿಸುವವರಿಗೆ ಬಿಳಿ ಅಂಚಿನ ಪುಟ್ಟ ಹೋಸ್ಟಾದ ಚಿತ್ರಗಳು ಬಹಳ ಆಸೆ ಹುಟ್ಟಿಸುತ್ತವೆ. ನನಗೂ ಅದು ಅಚ್ಚುಮೆಚ್ಚಿನ ಗಿಡ. ಆದರೆ ಜಪಾನ್, ಕೊರಿಯಾ, ಚೀನಾಗಳ ಮೂಲದ ಆ ಗಿಡವು ಚಳಿಗಾಲದಲ್ಲಿ ಎಲೆ ಕಳೆದುಕೊಂಡು, 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿಯಲ್ಲಿ ಹಲವು ವಾರ ಸುಪ್ತವಾಗಿದ್ದರೆ ಮಾತ್ರ ಮುಂದೆ ಬಲವಾಗಿ ಚಿಗುರುತ್ತದೆ. ಚಿತ್ರದುರ್ಗದ ಮಾಗಿಯಲ್ಲಿ ಅಂಥ ಚಳಿ ನಿಲ್ಲುವುದಿಲ್ಲ. ಆದ್ದರಿಂದ ನಮ್ಮ ಹಿತ್ತಲಿನ ಹೊಂಗೆಮರದ ಬುಡಕ್ಕೆ ನಾನು ಆರಿಸಿಕೊಂಡದ್ದು ಆಫ್ರಿಕಾ ಮೂಲದ, ಎಲೆಯಂಚಿನಲ್ಲಿ ಬಿಳಿ ಪಟ್ಟಿಯಿರುವ ಸ್ಪೈಡರ್ ಪ್ಲಾಂಟ್. ಹೋಸ್ಟಾ, ಸ್ಪೈಡರ್ ಪ್ಲಾಂಟ್ ಮತ್ತು ನಮ್ಮ ಶತಾವರಿ ಒಂದೇ ಸಸ್ಯಕುಟುಂಬಕ್ಕೆ ಸೇರಿದವು ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲವಾದ್ದರಿಂದ ಉಳಿದ ಹಸಿರೇ ಇಡೀ ಗಿಡಕ್ಕೆ ಆಹಾರ ತಯಾರಿಸಬೇಕು. ಹೀಗಾಗಿ ಕಡುನೆರಳಿನಲ್ಲಿ ಗಿಡ ಸೊರಗುತ್ತದೆ, ನೇರ ಬಿಸಿಲಿನಲ್ಲಿ ಬಿಳಿಯಂಚು ಸುಟ್ಟು ಕಂದಾಗುತ್ತದೆ; ಅದಕ್ಕೆ ಒಗ್ಗುವುದು ಎಲೆಗಳ ನಡುವೆ ಸೋಸಿ ಬರುವ ಬೆಳಕು. ಹೊಂಗೆ ಅದನ್ನು ವರ್ಷದ ಬಹುಪಾಲು ಒದಗಿಸುತ್ತದೆಯಾದರೂ, ಶಿವರಾತ್ರಿಯ ಆಸುಪಾಸಿನಲ್ಲಿ ಎಲೆಯುದುರಿಸಿ ಯುಗಾದಿಯ ಹೊತ್ತಿಗೆ ಮತ್ತೆ ಚಿಗುರುವ ನಡುವಿನ ದಿನಗಳಲ್ಲಿ, ಬಿಸಿಲು ಏರುತ್ತಿರುವಾಗಲೇ ಬುಡ ಬಯಲಾಗುತ್ತದೆ. ಆಗ ಗಿಡಗಳ ಮೇಲೆ ತೆಂಗಿನ ಗರಿಯ ಚಪ್ಪರ ಹಾಕುತ್ತೇನೆ. ಉದುರಿದ ಹೊಂಗೆಲೆಯನ್ನು ಗುಡಿಸಿ ಎಸೆಯದೆ ಬುಡಕ್ಕೇ ಹೊದಿಸಿದರೆ ಕೆಮ್ಮಣ್ಣಿನ ತೇವ ಬೇಗ ಆರುವುದಿಲ್ಲ.

ನಮ್ಮ ಕಡೆಯವರು ಮುಖ್ಯವಾಗಿ ಗಮನಿಸಬೇಕಾದದ್ದು ನೀರು. ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಈ ಗಿಡ ಅದನ್ನು ಸಹಿಸುವುದಿಲ್ಲ. ಬೇರು ಹೀರಿದ ಫ್ಲೋರೈಡ್ ನೀರಿನೊಡನೆ ಸಾಗಿ ಎಲೆಯ ತುದಿಯಲ್ಲಿ ಸೇರಿಕೊಳ್ಳುವುದರಿಂದ ತುದಿ ಒಣಗುತ್ತದೆ. ನೀರು ಸಾಲದೆ ಹೀಗಾಯಿತೆಂದು ಅದೇ ನೀರನ್ನು ಇನ್ನಷ್ಟು ಸುರಿದರೆ ತೊಂದರೆ ಹೆಚ್ಚುತ್ತದೆ. ತಾರಸಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡರೆ ಈ ಚಿಂತೆಯೇ ಇಲ್ಲ. ಬೇರುಗಳು ದಪ್ಪಗಿದ್ದು ನೀರನ್ನು ಕೂಡಿಟ್ಟುಕೊಳ್ಳುವುದರಿಂದ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿದರೂ ಸಾಕು.

ಕೆಲವೊಮ್ಮೆ ಬುಡದಿಂದ ಪೂರ್ತಿ ಹಸಿರಾದ ಚಿಗುರು ಹೊರಡುತ್ತದೆ. ಹೆಚ್ಚು ಪತ್ರಹರಿತ್ತಿರುವ ಅದು ಬೇಗ ಬೆಳೆದು ಬಿಳಿಯಂಚಿನ ಎಲೆಗಳನ್ನು ಮುಚ್ಚಿಬಿಡುವುದರಿಂದ ಕಂಡ ಕೂಡಲೇ ಕಿತ್ತು ಬೇರೆಡೆ ನೆಡಬೇಕು. ಉದ್ದ ಕಡ್ಡಿಗಳ ತುದಿಯಲ್ಲಿ ಮೂಡುವ ಮರಿಗಳನ್ನು ಮೃಗಶಿರಾ ಮಳೆ ಬಿದ್ದ ಮೇಲೆ ತಾಯಿಗಿಡದಿಂದ ಬಿಡಿಸದೆ ಮಣ್ಣಿಗೆ ತಾಕಿಸಿ, ಮೇಲೊಂದು ಸಣ್ಣ ಕಲ್ಲಿಟ್ಟರೆ ಬೇರೂರುತ್ತವೆ; ಕಡ್ಡಿಯನ್ನು ಕತ್ತರಿಸುವುದು ಆಮೇಲೆ.