ಜುಲೈ ಹುಟ್ಟುಹಬ್ಬ ಡಿಸೆಂಬರಿನಲ್ಲಿ ಯಾಕೆ?

ನಮ್ಮವರ ಹುಟ್ಟುಹಬ್ಬ ಜುಲೈ 19ಕ್ಕೆ. ಆದರೆ ಅದಕ್ಕೆಂದು ನಾವಿಬ್ಬರೂ ಪುಣೆ ಬಿಟ್ಟು ಹೊರಡುವುದು ಡಿಸೆಂಬರಿನ ಒಂದು ಶನಿವಾರ. ಒಂದು ರಾತ್ರಿ ಮುಳಶಿ ಕೆರೆಯ ಹತ್ತಿರ, ಮರುದಿನ ತಾಮ್ಹಿಣಿ ಘಾಟ್ ಇಳಿದು ದೇವಕುಂಡ ಜಲಪಾತದ ನೀರಿಗೆ. ಫೋಟೋ ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಅಲ್ರೀ, ಜುಲೈ ಹುಟ್ಟುಹಬ್ಬಕ್ಕೆ ಡಿಸೆಂಬರಿನಲ್ಲಿ ಯಾಕೆ ಹೋಗ್ತೀರಿ? ಆ ಕಡೆ ಮಳೆಗಾಲದಲ್ಲೇ ಚಂದ ಅಲ್ವಾ?"

ಚಂದ ಹೌದು. ಅದಕ್ಕೇ ಮದುವೆಯಾದ ಮೊದಲ ವರ್ಷ ನಾವೂ ಜುಲೈನಲ್ಲೇ ಹೋಗಿದ್ದೆವು.

ತಾಮ್ಹಿಣಿಯಲ್ಲಿ ರಸ್ತೆಯಿಂದ ಸ್ವಲ್ಪ ಕೆಳಗೆ ಒಂದು ಹಳ್ಳ. ಬೆಳಗಿನ ಮಳೆ ನಿಂತಿತ್ತು, ಮೋಡ ಸರಿದು ಎಳೆ ಬಿಸಿಲು ಬಿದ್ದಿತ್ತು. ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ತಳದ ಒಂದೊಂದು ಕಲ್ಲೂ ಕಾಣುತ್ತಿತ್ತು. ನಟ್ಟನಡುವೆ ಎಮ್ಮೆ ಮಲಗಿದಂತೆ ಒಂದು ಬಂಡೆ. ಚಪ್ಪಲಿ ದಂಡೆಯಲ್ಲಿ ಬಿಟ್ಟು, ಹೋಗಿ ಅದರ ಮೇಲೆ ಕುಳಿತೆವು. ನಾನು ಡಬ್ಬಿ ಬಿಚ್ಚಿದೆ. ಅಷ್ಟರಲ್ಲಿ ಎದುರಿನ ಏರಿನಲ್ಲಿ ದನ ಮೇಯಿಸುತ್ತಿದ್ದ ಅಜ್ಜ ಕೋಲು ಎತ್ತಿ ಕೂಗತೊಡಗಿದರು. "ವರ ಯಾ! ಲವಕರ ವರ ಯಾ!" ಮೇಲೆ ಬನ್ನಿ, ಬೇಗ ಬನ್ನಿ ಅಂತ. ಇವರು, "ಇಲ್ಲಿ ಕೂರಬಾರದೇನೋ, ಬೈತಿದಾರೆ" ಅಂದರು.

ನಾನು ನೀರು ನೋಡಿದೆ. ಈಗಷ್ಟೇ ತಿಳಿಯಾಗಿದ್ದದ್ದು ಚಹಾದ ಬಣ್ಣಕ್ಕೆ ತಿರುಗಿತ್ತು. ಒಣಗಿದ ಎಲೆ, ಕಡ್ಡಿ, ನೊರೆ ತೇಲಿ ಬರುತ್ತಿದ್ದವು. ಸದ್ದು ಬೇರೆಯಾಗಿತ್ತು, ದೂರದಲ್ಲಿ ಲಾರಿ ಏರು ಹತ್ತುವಾಗ ಬರುತ್ತದಲ್ಲ, ಹಾಗೆ. ಡಬ್ಬಿ ಅಲ್ಲೇ ಬಿಟ್ಟೆ. ಇವರ ಕೈ ಹಿಡಿದು ಎಳೆದೆ. ನಾಲ್ಕೈದು ಹೆಜ್ಜೆಯ ದಾರಿ ಅಷ್ಟೇ, ಆದರೂ ದಂಡೆ ಮುಟ್ಟುವಷ್ಟರಲ್ಲಿ ನೀರು ತೊಡೆಗೆ ಬಂದಿತ್ತು. ಏರಿನ ಹುಲ್ಲು ಹಿಡಿದು ಹತ್ತಿ ತಿರುಗಿ ನೋಡಿದರೆ ಬಂಡೆ ಇರಲಿಲ್ಲ. ಚಪ್ಪಲಿಯೂ ಇರಲಿಲ್ಲ. ಅಷ್ಟು ಹೊತ್ತೂ ನಮ್ಮ ತಲೆಯ ಮೇಲೆ ಒಂದು ಹನಿ ಮಳೆ ಬಿದ್ದಿರಲಿಲ್ಲ.

ನಾನು ಅಫಜಲಪುರದ ಕಡೆಯವಳು, ಭೀಮಾ ದಂಡೆಯಲ್ಲಿ ಬೆಳೆದವಳು. ನಮ್ಮೂರಲ್ಲಿ ಬಿಸಿಲು ಸುಡುತ್ತಿರುವಾಗಲೇ "ಹೊಳಿ ಬಂತು" ಅನ್ನುವ ಸುದ್ದಿ ಬರುತ್ತಿತ್ತು. ಆಕಾಶ ತೊಳೆದಿಟ್ಟಂತೆ ಇರುತ್ತಿತ್ತು, ಹೊಳೆ ಮಾತ್ರ ಕೆಂಪಗೆ ತುಂಬಿ ಹೊಲಕ್ಕೆ ನುಗ್ಗುತ್ತಿತ್ತು. ಮಳೆ ಬಿದ್ದದ್ದು ಸಹ್ಯಾದ್ರಿಯಲ್ಲಿ, ನೀರು ಬಿಟ್ಟದ್ದು ಸೊಲ್ಲಾಪುರದ ಕಡೆಯ ಉಜನಿ ಅಣೆಕಟ್ಟಿನಿಂದ, ಮುಳುಗುತ್ತಿದ್ದದ್ದು ನಮ್ಮ ತೊಗರಿ. ನಮ್ಮವ್ವ ಯಾವಾಗಲೂ ಹೇಳುತ್ತಿದ್ದಳು, "ಹೊಳಿ ನೋಡಬ್ಯಾಡ, ಮ್ಯಾಗ ಎಲ್ಲಿ ಮಳಿ ಆಗೇದ ಅದನ್ನ ಕೇಳು." ಆವತ್ತು ತಾಮ್ಹಿಣಿಯಲ್ಲಿ ಮೇಲೆ ಎಲ್ಲಿ ಮಳೆ ಆಗಿದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಆ ಘಟ್ಟದ ಮಳೆ ಎಂಥದ್ದು ಅನ್ನೋದು ಪುಣೆಯಲ್ಲಿ ಕುಳಿತವರಿಗೆ ಅಂದಾಜು ಆಗುವುದಿಲ್ಲ. ಪುಣೆ ನಗರಕ್ಕೆ ಇಡೀ ವರ್ಷ ಬೀಳುವುದು ಸುಮಾರು 700 ಮಿಲಿಮೀಟರ್. 2024ರ ಜುಲೈ ಕೊನೆಯ ವಾರದಲ್ಲಿ ತಾಮ್ಹಿಣಿಯಲ್ಲಿ ಒಂದೇ ದಿನ 500 ಮಿಲಿಮೀಟರಿಗಿಂತ ಜಾಸ್ತಿ ಸುರಿಯಿತು. ಅದಕ್ಕೆ ಸ್ವಲ್ಪ ಮುಂಚೆ, ಜೂನ್ 30ರ ಭಾನುವಾರ, ಲೋಣಾವಳದ ಭೂಶಿ ಅಣೆಕಟ್ಟಿನ ಹತ್ತಿರದ ಝರಿಯಲ್ಲಿ ಒಂದೇ ಕುಟುಂಬದ ಐದು ಜನ ಕೊಚ್ಚಿ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ನೀರಿನ ನಡುವೆ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತ ಆ ವಿಡಿಯೋ ಎಷ್ಟೋ ಜನರ ಫೋನಿಗೆ ಬಂದಿತ್ತು. ನಾನು ಅರ್ಧಕ್ಕೇ ನಿಲ್ಲಿಸಿದೆ. ಅವರು ನಿಂತಿದ್ದ ಜಾಗ ನನಗೆ ಗೊತ್ತಿತ್ತು. ಆ ಹಳ್ಳ ಬೇರೆ, ಆದರೆ ಅಂಥದೇ ಬಂಡೆ.

"ನಿಮಗೆ ಈಜು ಬರುತ್ತಲ್ಲ, ಮತ್ತೇನು ಭಯ?" ಎನ್ನುತ್ತಾರೆ ಕೆಲವರು. ಬರುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿ ಅಪ್ಪ ಬಾವಿಯಲ್ಲಿ ಕಲಿಸಿದ್ದು. ಆದರೆ ಈಜು ಬೇಕಾಗುವುದು ನಿಂತ ನೀರಿಗೆ. ಕಲ್ಲುಗಳ ನಡುವೆ ಉರುಳಿ ಬರುವ ನೀರಿನಲ್ಲಿ ಕೈ ಬೀಸಲು ಜಾಗವೇ ಇರುವುದಿಲ್ಲ. ಮೊದಲು ತಲೆಗೆ ಕಲ್ಲು ಬಡಿಯುತ್ತದೆ.

ಹಾಗಾಗಿ ಡಿಸೆಂಬರ್.

ಪೌಡ್ ರಸ್ತೆ ಹಿಡಿದು ಪಿರಂಗುಟ್, ಪೌಡ್ ದಾಟಿದರೆ ಮುಳಶಿಯ ನೀರು ಕಾಣಿಸಿಕೊಳ್ಳುತ್ತದೆ. ಕೆರೆ ಅಂದರೂ ಅದು ಅಣೆಕಟ್ಟಿನ ಹಿನ್ನೀರು. ಟಾಟಾದವರು ಇದನ್ನು ಕಟ್ಟುವಾಗ ಹೊಲ, ಮನೆ ಮುಳುಗುವ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಮುಂದೆ ನಿಂತವರು ಪಾಂಡುರಂಗ ಮಹಾದೇವ ಬಾಪಟ್. ಅವರಿಗೆ 'ಸೇನಾಪತಿ' ಎಂಬ ಹೆಸರು ಬಂದದ್ದೇ ಈ ಹೋರಾಟದಿಂದ. ಕೊನೆಗೂ ಊರುಗಳು ಮುಳುಗಿದವು. ಈಗ ಇಲ್ಲಿನ ನೀರು ಕೊಳವೆಗಳಲ್ಲಿ ಸುಮಾರು 500 ಮೀಟರ್ ಕೆಳಗೆ, ಕೊಂಕಣದ ಭಿರಾ ವಿದ್ಯುತ್ ಕೇಂದ್ರಕ್ಕೆ ಬೀಳುತ್ತದೆ. ಅಲ್ಲಿಂದ ಕುಂಡಲಿಕಾ ನದಿ ಸೇರಿ ಪಶ್ಚಿಮದ ಸಮುದ್ರಕ್ಕೆ. ಅಣೆಕಟ್ಟು ಇಲ್ಲದಿದ್ದರೆ ಇದು ಮುಳಾ ನದಿಯ ನೀರು. ಪುಣೆಯಲ್ಲಿ ಮುಠಾ ಸೇರಿ, ಮುಂದೆ ಭೀಮಾ ಸೇರಿ, ನಮ್ಮೂರ ಹೊಲದ ಪಕ್ಕದಲ್ಲಿ ಹಾದು ಹೋಗಬೇಕಿತ್ತು. ಸಂಜೆ ದಂಡೆಯಲ್ಲಿ ಕುಳಿತಾಗ ಪ್ರತಿ ಸಲ ನನಗೆ ಇದೇ ನೆನಪು.

ಅಲ್ಲಿ ನಾವು ನೀರಿಗೆ ಇಳಿಯುವುದಿಲ್ಲ. ನೋಡಲು ಅಷ್ಟು ಶಾಂತವಾಗಿದ್ದರೂ ಹಿನ್ನೀರಿನ ದಂಡೆ ಅಂದರೆ ಮುಳುಗಿದ ಗುಡ್ಡದ ಇಳಿಜಾರು. ಎರಡು ಹೆಜ್ಜೆಗೆ ಸೊಂಟ, ಮೂರನೆಯದಕ್ಕೆ ನೆಲವೇ ಇಲ್ಲ. ಸುಮ್ನೆ ಕೂರುತ್ತೇವೆ. ಊಟಕ್ಕೆ ಹತ್ತಿರದ ಹಳ್ಳಿಯಲ್ಲಿ ನಾವು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರ ಮನೆ. ಅವರು ಕಡಲೆಹಿಟ್ಟಿನ ಪಿಠಲಾ, ರೊಟ್ಟಿಯಂಥ ಭಾಕರಿ ಮಾಡುತ್ತಾರೆ. ನಾನು ಪುಣೆಯಿಂದ ಗೋಧಿ, ಬೆಲ್ಲದ ಮಾದಲಿ ಕಟ್ಟಿಕೊಂಡು ಹೋಗಿರುತ್ತೇನೆ, ಧಾರವಾಡದ ಇವರಿಗೆ ಕೇಕಿಗಿಂತ ಅದೇ ಹೆಚ್ಚು. ಮಾವಶಿ ಅದಕ್ಕೆ ಬಿಸಿ ಹಾಲು ಹಾಕಿ, ಮೇಲೆ ತುಪ್ಪ ಬಿಡುತ್ತಾರೆ. ಆಮೇಲೆ ಇವರ ಹಣೆಗೆ ಕುಂಕುಮ ಹಚ್ಚಿ ಆರತಿ ಎತ್ತುತ್ತಾರೆ. ಜುಲೈ ಎಲ್ಲಿ, ಡಿಸೆಂಬರ್ ಎಲ್ಲಿ ಎಂದು ಅವರು ಮಾತ್ರ ಇದುವರೆಗೆ ಕೇಳಿಲ್ಲ. ಮಳೆಗಾಲದಲ್ಲಿ ಆ ಘಟ್ಟ ಹೇಗಿರುತ್ತದೆ ಎಂದು ಅವರಿಗೆ ಗೊತ್ತು.

ಮರುದಿನ ನಸುಕಿನಲ್ಲೇ ಘಾಟ್ ಇಳಿದು ಭಿರಾ. ಅಲ್ಲಿಂದ ದೇವಕುಂಡಕ್ಕೆ ಕಾಡಿನಲ್ಲಿ ಸುಮಾರು 6 ಕಿಲೋಮೀಟರ್ ನಡೆಯಬೇಕು. ಊರಿನ ಹುಡುಗರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಳ್ಳುತ್ತೇವೆ. ದಾರಿಯಲ್ಲಿ ಹಳ್ಳ ದಾಟಬೇಕು. ಮಳೆಗಾಲದಲ್ಲಿ ಹೋಗುವಾಗ ಪಾದ ನೆನೆಸಿದ ಹಳ್ಳ ಬರುವಾಗ ದಾಟಲಿಕ್ಕೇ ಆಗದಂತೆ ತುಂಬಿರುತ್ತದೆ. ಆ ತಿಂಗಳುಗಳಲ್ಲಿ ರಾಯಗಡ ಜಿಲ್ಲಾಡಳಿತ ಅಲ್ಲಿಗೆ ಹೋಗುವುದನ್ನು ನಿಷೇಧಿಸುವುದು ಸುಮ್ಮನೆ ಅಲ್ಲ.

ಡಿಸೆಂಬರಿನಲ್ಲಿ ಜಲಪಾತ ತೆಳ್ಳಗಾಗಿರುತ್ತದೆ. ಮೂರು ಕಡೆ ಕರಿ ಬಂಡೆಯ ಗೋಡೆ, ಕೆಳಗೆ ಹಸಿರು ನೀರಿನ ಗುಂಡಿ. ಬಿಸಿಲು ತಡವಾಗಿ ಬರುವುದರಿಂದ ನೀರು ಹಲ್ಲು ಕಟಕಟ ಅನ್ನುವಷ್ಟು ತಣ್ಣಗೆ. ಜಲಪಾತ ಬೀಳುವ ಜಾಗ ಆಳ, ಅದರ ಹತ್ತಿರ ನಾನೂ ಹೋಗುವುದಿಲ್ಲ. ಅಂಚಿನಲ್ಲಿ ಎದೆಯ ಮಟ್ಟದ ನೀರಿರುವ ಕಡೆ ಇವರಿಗೆ ಲೈಫ್ ಜಾಕೆಟ್ ಹಾಕಿಸಿ ತೇಲಲು ಕಲಿಸುತ್ತೇನೆ. ಮೊದಲ ಸಲ ನನ್ನ ಮುಂಗೈ ಹಿಡಿದ ಬೆರಳು ಬಿಡಿಸಲಿಕ್ಕೇ ಆಗಲಿಲ್ಲ, ಉಗುರಿನ ಗುರುತು ಎರಡು ದಿನ ಇತ್ತು. ಹೋದ ಡಿಸೆಂಬರಿನಲ್ಲಿ ಕಿವಿಯವರೆಗೆ ನೀರಿಗೆ ತಲೆ ಇಟ್ಟು, ಕಣ್ಣು ಮುಚ್ಚಿ, ತಾವಾಗಿಯೇ ಕೈ ಬಿಟ್ಟರು. ನಾನು ಅಂಗೈಯನ್ನು ಬೆನ್ನ ಕೆಳಗೆ ಮುಟ್ಟಿಯೂ ಮುಟ್ಟದಂತೆ ಹಿಡಿದಿದ್ದೆ. ಇಪ್ಪತ್ತು ಎಣಿಸುವವರೆಗೆ ತೇಲಿದರು. ಎದ್ದವರೇ, "ಮೇಲೆ ಆಕಾಶ ಬಾವಿಯ ಬಾಯಿ ಥರ ಕಾಣುತ್ತೆ" ಅಂದರು.

ಇನ್ನು ಜುಲೈ 19ಕ್ಕೆ ನಾವು ಮನೆಯಲ್ಲೇ ಇರುತ್ತೇವೆ. ಹೊರಗೆ ಮಳೆ. ಸಂಜೆ ಊರಿಗೆ ಫೋನ್ ಮಾಡುತ್ತೇನೆ. ಅವ್ವ ಮೊದಲು ಅಳಿಯಂದಿರ ಹತ್ತಿರ ಮಾತಾಡಿ ಹರಸುತ್ತಾಳೆ, ಆಮೇಲೆ ನನ್ನನ್ನು ಕೇಳುತ್ತಾಳೆ, "ನಿಮ್ಮ ಕಡೆ ಮಳಿ ಹ್ಯಾಂಗದ?" ನಾನು ಕಿಟಕಿಯಿಂದ ನೋಡಿ ಹೇಳುತ್ತೇನೆ. ಎಷ್ಟು ದಿನದಿಂದ ಸುರಿಯುತ್ತಿದೆ, ಇಲ್ಲಿನ ಹೊಳೆ ಎಷ್ಟು ತುಂಬಿದೆ, ಎಲ್ಲ ಹೇಳುತ್ತೇನೆ. ಆ ನೀರಿಗೆ ಅವರಲ್ಲಿಗೆ ಹೋಗಲು ಇನ್ನೂ ಕೆಲವು ದಿನ ಬೇಕು.