ಟ್ರಾಲಿಗೊಂದು ಚಿರೆಕಲ್ಲು

‘ಇರ್ಲಿ ಬಿಡಿ ಅಕ್ಕಾ, ತಂದುಕೊಟ್ರಲ್ಲ, ಸಾಕು.’

ಬುಧವಾರದಿಂದ ಈ ಮಾತು ನನ್ನ ಕಿವಿಯಲ್ಲೇ ಕೂತಿದೆ. ಕ್ಷಮಿಸಿದ ಧ್ವನಿ. ಕ್ಷಮಿಸಲು ನಾನೇನು ಮಾಡಿದ್ದೆ?

ಭಾನುವಾರ ಸಂತೆ ಮುಗಿಸಿ ಬರುವಾಗಲೇ ನೋಡಿದ್ದೆ. ಕಾರವಾರದ ಕಾಜುಬಾಗದ ನಮ್ಮ ಓಣಿಯ ತಿರುವಿನಲ್ಲಿ ಸೂಪರ್ ಮಾರ್ಕೆಟಿನ ಟ್ರಾಲಿ ಮಳೆಯಲ್ಲಿ ನೆನೆಯುತ್ತಾ ನಿಂತಿತ್ತು. ಸೋಮವಾರ ಅದರೊಳಗೆ ತೆಂಗಿನ ಸಿಪ್ಪೆ ಬಿತ್ತು, ಮಂಗಳವಾರ ಹಾಲಿನ ಖಾಲಿ ಪ್ಯಾಕೆಟ್. ಇನ್ನೆರಡು ದಿನ ಬಿಟ್ಟರೆ ಅದು ಓಣಿಯ ಕಸದ ತೊಟ್ಟಿಯೇ ಆಗುತ್ತಿತ್ತು. ಎಲ್ಲರೂ ಬೈದರು, ಯಾರೂ ಮುಟ್ಟಲಿಲ್ಲ. ನಮ್ಮ ಓಣಿಯವರ ಸ್ವಭಾವವೇ ಅದು.

ಹತ್ತಿರ ಹೋಗಿ ನೋಡಿದರೆ ಮುಂದಿನ ಚಕ್ರಕ್ಕೆ ಅಡ್ಡವಾಗಿ ಯಾರೋ ಒಂದು ಚಿರೆಕಲ್ಲಿನ ತುಂಡು ಇಟ್ಟಿದ್ದರು, ಇಳಿಜಾರಿಗೆ ಉರುಳಿ ಯಾರ ಬೈಕಿಗೂ ತಾಗದಿರಲಿ ಎಂದು. ಕದಿಯುವವರು ಇಷ್ಟು ಯೋಚಿಸುತ್ತಾರೆಯೇ? ತಂದವರ ಕಷ್ಟ ಊಹಿಸಿದೆ: ಇಪ್ಪತ್ತೈದು ಕಿಲೋ ಅಕ್ಕಿ ಚೀಲ, ಜೊತೆಗೆ ಮಂಡಿನೋವು, ಇಷ್ಟು ದೂರಕ್ಕೆ ಐವತ್ತು ರೂಪಾಯಿ ಕೇಳುವ ಆಟೋ. ಲೆಕ್ಕ ಅಲ್ಲೇ ಮುಗಿಯಿತು. ಮನೆ ಮುಟ್ಟಿದ ಮೇಲೆ ಖಾಲಿ ಟ್ರಾಲಿಯನ್ನು ವಾಪಸ್ ತಳ್ಳಲು ತ್ರಾಣ ಉಳಿದಿರಲಿಕ್ಕಿಲ್ಲ.

ಈ ಟ್ರಾಲಿಯನ್ನು ಮೊದಲು ಮಾಡಿಸಿದವನು ಒಕ್ಲಹೋಮಾ ಸಿಟಿಯ ಅಂಗಡಿಕಾರ ಸಿಲ್ವನ್ ಗೋಲ್ಡ್‌ಮನ್, 1937ರಲ್ಲಿ. ಗಿರಾಕಿಗಳು ಮುಟ್ಟಲು ಹಿಂಜರಿದಾಗ ದುಡ್ಡು ಕೊಟ್ಟು ಜನರನ್ನಿಟ್ಟು ಅಂಗಡಿಯೊಳಗೆ ತಳ್ಳಿಸಿದನಂತೆ. ನಮ್ಮ ಓಣಿ ನೋಡಿದ್ದರೆ ಅವನಿಗೆ ಆ ಖರ್ಚು ಉಳಿಯುತ್ತಿತ್ತು. ಜರ್ಮನಿಯ ಎಷ್ಟೋ ಅಂಗಡಿಗಳಲ್ಲಿ ಒಂದು ನಾಣ್ಯ ತೂರಿಸಿದರಷ್ಟೇ ಟ್ರಾಲಿಯ ಸರಪಳಿ ಬಿಚ್ಚಿಕೊಳ್ಳುತ್ತದೆ, ತಂದು ಸಿಕ್ಕಿಸಿದರೆ ನಾಣ್ಯ ವಾಪಸ್. ಇಲ್ಲಿ ಆ ಜಾಗದಲ್ಲಿ ಒಬ್ಬ ವಾಚ್‌ಮನ್ ಇದ್ದಾನೆ.

ಬುಧವಾರ ತಡೆಯಲಾಗದೆ ನಾನೇ ತಳ್ಳಿಕೊಂಡು ಹೊರಟೆ. ಟೈಲ್ಸ್ ನೆಲಕ್ಕೆಂದು ಮಾಡಿದ ಚಕ್ರ ನಮ್ಮ ರಸ್ತೆಯಲ್ಲಿ ಹೇಗೆ ಓಡೀತು? ಎಡಚಕ್ರ ಗೋವಾ ಕಡೆ, ಬಲಚಕ್ರ ಅಂಕೋಲಾ ಕಡೆ. ಗಡಗಡ ಸದ್ದಿಗೆ ಮನೆಮನೆಯ ಕಿಟಕಿಯಲ್ಲೂ ಒಂದೊಂದು ಮುಖ. ಸಂತೆಗೆ ತಲೆ ಮೇಲೆ ತರಕಾರಿ ಹೊತ್ತು ತರುವ ಹೆಂಗಸರು ಎಷ್ಟು ಬಿಗುಮಾನದಿಂದ ನಡೆಯುತ್ತಾರೆ! ನಾನು ಖಾಲಿ ಟ್ರಾಲಿ ಹಿಡಿದು ತಲೆ ತಗ್ಗಿಸಿದ್ದೆ.

‘ಎಲ್ಲಿಂದ ತಂದ್ರಿ ಅಕ್ಕಾ?’ ಅಂದ ವಾಚ್‌ಮನ್.

‘ನಮ್ಮ ಓಣಿಯಿಂದ.’

‘ಅಲ್ಲಿಗೆ ಹೇಗೆ ಬಂತು?’

‘ನಂಗೇನು ಗೊತ್ತು? ನಿಂತಿತ್ತು, ತಂದೆ.’

ಆಗಲೇ ಅವನು ಆ ಮಾತು ಹೇಳಿದ್ದು. ಬಿಲ್ಲಿಂಗ್ ಕೌಂಟರಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನಾನಲ್ಲ, ನಾನಲ್ಲ ಎಂದಷ್ಟೂ ಕಳ್ಳತನ ಗಟ್ಟಿಯಾಗುತ್ತಿತ್ತು, ಸುಮ್ಮನಾದೆ. ಅವನದೂ ತಪ್ಪಿಲ್ಲ ಬಿಡಿ. ಟ್ರಾಲಿ ಕಡಿಮೆಯಾದರೆ ಉತ್ತರ ಹೇಳಬೇಕಾದವನು ಅವನೇ.

ಆದರೂ ಮರಳುವಾಗ ಆ ತಿರುವಿನಲ್ಲಿ ಚಿರೆಕಲ್ಲು ನೋಡಿ ನಗು ಬಂತು. ಅದನ್ನಿಟ್ಟವರು ಯಾವುದೋ ಕಿಟಕಿಯಿಂದ ನನ್ನ ಮೆರವಣಿಗೆ ನೋಡಿರಬಹುದು.

ನಿನ್ನೆ ಸಾಬಕ್ಕಿ ತರಲು ಅದೇ ಅಂಗಡಿಗೆ ಹೋಗಿದ್ದೆ. ವಾಚ್‌ಮನ್ ಗುರುತು ಹಿಡಿದು ಎದ್ದು ನಿಂತ.

‘ಅಕ್ಕಾ, ಟ್ರಾಲಿ ಗೇಟಿನ ತನಕ ಮಾತ್ರ, ಹಾಂ.’

ನಾನು ಕೈಬುಟ್ಟಿ ತೆಗೆದುಕೊಂಡೆ.