ಒಂದೇ ಕಿಡ್ನಿಯ ಹೆಣ್ಣುಮಗುವಿಗೆ ನೋಡಿಸಬೇಕಾದ ಎರಡು ಸಂಗತಿ

ನನ್ನ ತಂಗಿಯ ಮಗಳಿಗೆ ಹುಟ್ಟಿನಿಂದಲೇ ಎಡ ಮೂತ್ರಪಿಂಡವಿಲ್ಲ. ತಂಗಿ ಬಸುರಿಯಾಗಿದ್ದಾಗ ಮಾಡಿಸಿದ ಸ್ಕ್ಯಾನಿಂಗಿನಲ್ಲೇ ಅದು ತಿಳಿದಿತ್ತು. ಒಂದೇ ಕಿಡ್ನಿಯಿದ್ದವರೂ ಚೆನ್ನಾಗಿ ಬದುಕುತ್ತಾರೆ ಎಂದು ಎಲ್ಲರೂ ಧೈರ್ಯ ಹೇಳಿದರು. ಆ ಮಾತು ನಿಜವೇ ಆದರೂ, ಅಷ್ಟಕ್ಕೇ ನಿಶ್ಚಿಂತರಾಗುವುದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ.

ಮೊದಲನೆಯದು ರಕ್ತದೊತ್ತಡ. ಒಂಟಿ ಮೂತ್ರಪಿಂಡ ಎರಡರ ಕೆಲಸವನ್ನೂ ಹೊತ್ತು ಸಾಮಾನ್ಯಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ. ಅದರ ಸೋಸುವ ಭಾಗಗಳ ಮೇಲೆ ಬೀಳುವ ಹೆಚ್ಚಿನ ಒತ್ತಡದಿಂದ ಕೆಲವು ಮಕ್ಕಳಲ್ಲಿ ವರ್ಷಗಳು ಕಳೆದಂತೆ ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗುತ್ತದೆ, ರಕ್ತದೊತ್ತಡ ಏರುತ್ತದೆ. ಮಗು ಆಡಿಕೊಂಡೇ ಇರುವುದರಿಂದ ಅಳೆಯದೆ ಇದು ಗೊತ್ತಾಗುವುದಿಲ್ಲ. 13 ವರ್ಷ ತುಂಬಿದವರಲ್ಲಿ ರಕ್ತದೊತ್ತಡ 130/80 ಮುಟ್ಟಿದರೆ ಅದು ಹೆಚ್ಚು. ಅದಕ್ಕಿಂತ ಚಿಕ್ಕವರ ಅಂಕಿಯನ್ನು ವಯಸ್ಸು ಮತ್ತು ಎತ್ತರಕ್ಕೆ ಹೋಲಿಸಿ ನೋಡಬೇಕು. ತೋಳಿಗೆ ಸುತ್ತುವ ಪಟ್ಟಿಯೂ ಮಗುವಿನ ಅಳತೆಯದ್ದಾಗಿರಬೇಕು: ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಸುಮಾರು 40 ಶೇಕಡ. ಪಟ್ಟಿ ಚಿಕ್ಕದಾದರೆ ಬಿಪಿ ಸುಳ್ಳಾಗಿ ಹೆಚ್ಚು ತೋರುತ್ತದೆ, ದೊಡ್ಡದಾದರೆ ಕಡಿಮೆ.

ಎರಡನೆಯದು ಗರ್ಭಕೋಶ. ಭ್ರೂಣದಲ್ಲಿ ಮೂತ್ರಪಿಂಡಕ್ಕೆ ಕಾರಣವಾಗುವ ನಾಳದ ಪಕ್ಕದಲ್ಲೇ, ಅದನ್ನೇ ಆಸರೆಯಾಗಿಟ್ಟುಕೊಂಡು ಗರ್ಭಕೋಶದ ನಾಳವೂ ಬೆಳೆಯುತ್ತದೆ. ಆದ್ದರಿಂದ ಒಂದರಲ್ಲಿ ಲೋಪವಾದಾಗ ಇನ್ನೊಂದರಲ್ಲೂ ಆಗುವ ಸಂಭವ ಕಡಿಮೆಯೇನಲ್ಲ. ಕೆಲವು ಹುಡುಗಿಯರಿಗೆ ಎರಡು ಗರ್ಭಕೋಶಗಳಿದ್ದು, ಕಿಡ್ನಿ ಇಲ್ಲದ ಬದಿಯ ಯೋನಿಮಾರ್ಗ ಪರದೆಯಿಂದ ಮುಚ್ಚಿಹೋಗಿರುತ್ತದೆ. ವೈದ್ಯರು ಇದನ್ನು ಓಹ್ವಿರಾ ಎನ್ನುತ್ತಾರೆ. ಇನ್ನೊಂದು ಬದಿಯಿಂದ ಮುಟ್ಟು ತಿಂಗಳು ತಿಂಗಳೂ ಸರಿಯಾಗಿಯೇ ಆಗುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಒಳಗೆ ಮಾತ್ರ ರಕ್ತ ನಿಂತು, ತಿಂಗಳಿಂದ ತಿಂಗಳಿಗೆ ನೋವು ಏರುತ್ತದೆ. ಎಂಆರ್‌ಐಯಲ್ಲಿ ಇದು ಕಾಣುತ್ತದೆ. ಆ ಪರದೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಸಾಮಾನ್ಯವಾಗಿ ನೋವು ನಿಲ್ಲುತ್ತದೆ.

ನಮ್ಮಲ್ಲಿ ಮುಟ್ಟಿನ ನೋವೆಂದರೆ "ಎಲ್ಲರಿಗೂ ಇದ್ದದ್ದೇ" ಎಂದು ಮೆಫೆನಾಮಿಕ್ ಆಸಿಡ್ ಮಾತ್ರೆ ಕೊಟ್ಟು ಮಲಗಿಸುವುದು ರೂಢಿ. ಈ ಬಗೆಯ ಮಾತ್ರೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸಬಲ್ಲವು, ಬಿಪಿಯನ್ನೂ ಏರಿಸಬಲ್ಲವು. ಇರುವ ಒಂದೇ ಕಿಡ್ನಿಯ ಹುಡುಗಿಗೆ ಅವನ್ನು ಔಷಧದಂಗಡಿಯಿಂದ ತಂದು ನಾವೇ ಕೊಡಬಾರದು. ಕಿಡ್ನಿ ನೋಡುವ ವೈದ್ಯರನ್ನು ಮೊದಲು ಕೇಳಬೇಕು, ಅವಳ ನೋವಿಗೆ ಕಾರಣವೇನೆಂದು ಸ್ತ್ರೀರೋಗ ತಜ್ಞರಿಂದ ನೋಡಿಸಬೇಕು.